ಮಂಜು ಬೆಟ್ಟ ಹೋಂಸ್ಟೇಗೆ ಇರಲಿ, ನಿಮ್ಮ ಹಾಡಿಗೆ ಬೇರೆ ಚಿತ್ರ ಬೇಕು

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯ ಐದು ಜನ ಗೆಳೆಯರು. ಆರು ಹಾಡುಗಳ ಆಲ್ಬಂ ಮಾಡಿದ್ದೇವೆ. ಮೂರು ಕೊಡವ ಭಾಷೆ, ಅಂದರೆ ಕೊಡವ ತಕ್ಕ್‌ನಲ್ಲಿ, ಎರಡು ಅರೆಭಾಷೆಯಲ್ಲಿ, ಒಂದು ಕನ್ನಡದಲ್ಲಿ. ಎಲ್ಲ ಹಾಡಿಗೂ ನಮ್ಮ ಅಜ್ಜನ ಹಳೆಯ ದುಡಿಯನ್ನೇ (ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ) ಬಾರಿಸಿದ್ದೇವೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮೊದಲು ಬಿಡುಗಡೆ ಮಾಡಬೇಕು. ಮೂರು ಪೋಸ್ಟರ್ ಮಾಡಿಸಿದ್ದೇವೆ. ಮೊದಲನೆಯದರಲ್ಲಿ ಮಂಜು ಮುಸುಕಿದ ಬೆಟ್ಟ. ಎರಡನೆಯದರಲ್ಲಿ ನಾವು ಐವರು ಕುಪ್ಯ-ಚೇಲೆಯಲ್ಲಿ (ಮೊಣಕಾಲುದ್ದದ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ) ನಿಂತಿದ್ದೇವೆ, ಮುಖ್ಯ ಗಾಯಕ ಎದ್ದು ಕಾಣಲಿ ಎಂದು ಅವನಿಗೆ ಮಾತ್ರ ಬಿಳಿ ಕುಪ್ಯ. ಮೂರನೆಯದರಲ್ಲಿ ಕೊಂಬು, ಕಾಫಿ ಹಣ್ಣು, ಹಾಕಿ ಸ್ಟಿಕ್, ಕಾವೇರಿ ಎಲ್ಲವೂ ಇವೆ. ಹಿರಿಯರಿಗೆ ಯಾವುದೂ ಹಿಡಿಸಲಿಲ್ಲ. ಬೆಂಗಳೂರಿನ ಗೆಳೆಯರು ‘ಸೂಪರ್’ ಅಂದರು, ಆದರೆ ಒಬ್ಬರೂ ಸ್ಟೇಟಸ್‌ಗೆ ಹಾಕಲಿಲ್ಲ. ಎಲ್ಲರಿಗೂ ಇಷ್ಟವಾಗುವ ಒಂದು ವಿನ್ಯಾಸ ಮಾಡುವುದು ಹೇಗೆ?

ಉತ್ತರ:

ನಿಮ್ಮ ಮೂರೂ ಪೋಸ್ಟರ್ ನೋಡಿದೆ. ಮೊದಲು ಫೋನಿನಲ್ಲಿ ನೋಡಿದೆ. ಆಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆ. ಹಾಡುಗಳನ್ನೂ ಕೇಳಿದೆ. ಹಾಡುಗಳು ನಿಜಕ್ಕೂ ಚೆನ್ನಾಗಿವೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಇಷ್ಟು ಒಳ್ಳೆಯ ಹಾಡು ಕೇಳುವವರ ಕಿವಿಗೆ ಬೀಳದೆ ಹೋಗಬಾರದು.

ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಎಲ್ಲರಿಗೂ ಇಷ್ಟವಾಗುವ ಚಿತ್ರ ಅಂತ ಹೊರಟರೆ ಯಾರಿಗೂ ಬೇಡ ಅನಿಸದ ಚಿತ್ರ ಸಿಗುತ್ತದೆ. ಅಂಥದ್ದನ್ನು ಜನ ಬೈಯುವುದಿಲ್ಲ, ಹಾಗೇ ಮುಟ್ಟುವುದೂ ಇಲ್ಲ. ಬೆಂಗಳೂರಿನ ಗೆಳೆಯರು ಮಾಡಿದ್ದು ಅದನ್ನೇ. ಆಲ್ಬಂನ ಚಿತ್ರ ಒಂದು ಮಾತು ಕೊಡಬೇಕು: ಈ ಹಾಡು ಹಾಕಿದರೆ ನೀವು ಯಾವ ಜಾಗಕ್ಕೆ, ಯಾವ ಹೊತ್ತಿಗೆ, ಯಾರ ಜೊತೆಗೆ ಹೋಗುತ್ತೀರಿ ಎಂಬ ಮಾತು. ಆ ಮಾತು ಯಾರಿಗೆ ಕೊಡುತ್ತಿದ್ದೀರಿ ಅನ್ನುವುದು ಮೊದಲು ಗೊತ್ತಿರಬೇಕು. ಬಣ್ಣ, ಅಕ್ಷರ, ಫೋಟೋ ಎಲ್ಲ ಆಮೇಲೆ.

ಇದು ನನ್ನ ಸ್ವಂತ ಕಲ್ಪನೆ ಅಲ್ಲ. ಆಲ್ಬಂಗೆ ಚಿತ್ರ ಹಾಕುವ ಪದ್ಧತಿ ಶುರುವಾದದ್ದೇ ಹೀಗೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ರೆಕಾರ್ಡ್‌ಗಳನ್ನು ಕಂದು ಬಣ್ಣದ ಬರೀ ರಟ್ಟಿನ ಹೊದಿಕೆಯಲ್ಲಿ ಮಾರುತ್ತಿದ್ದರು. ಬೆನ್ನಿನ ಮೇಲೆ ಹೆಸರು, ಅಷ್ಟೇ. ಆ ಹೊದಿಕೆಗಳನ್ನು ಅಮೆರಿಕದವರು ಗೋರಿಕಲ್ಲು ಎಂದೇ ಕರೆಯುತ್ತಿದ್ದರು. ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಕೆಲಸಕ್ಕಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವಕ ಇದಕ್ಕೆ ಚಿತ್ರ ಹಾಕೋಣ ಅಂದ. 1940ರಲ್ಲಿ ನಾಟಕದ ಹಾಡುಗಳ ಒಂದು ಸಂಗ್ರಹಕ್ಕೆ ಅವನು ಮುಖಪುಟ ಮಾಡಿದ. ನ್ಯೂಯಾರ್ಕಿನ ಒಂದು ರಂಗಮಂದಿರದ ಬಾಗಿಲ ಮೇಲಿನ ದೀಪದ ಫಲಕದಲ್ಲಿ ಆಲ್ಬಂ ಹೆಸರನ್ನೇ ಬರೆಸಿ, ರಾತ್ರಿ ಫೋಟೋ ತೆಗೆಸಿದ. ಹಾಡುಗಾರರ ಮುಖ ಇಲ್ಲ, ವಾದ್ಯ ಇಲ್ಲ. ಕೊಳ್ಳುವವನಿಗೆ ಸಿಕ್ಕ ಮಾತು ಒಂದೇ: ಇದನ್ನು ಮನೆಗೆ ಒಯ್ದರೆ ನಾಟಕ ನೋಡಿದ ಸಂಜೆ ಮನೆಗೆ ಬರುತ್ತದೆ. ಎಂಬತ್ತು ವರ್ಷದ ಮೇಲಾಯಿತು, ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಕ್ಯಾಸೆಟ್ ಕಾಲದಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು. ಸಿನಿಮಾ ಕ್ಯಾಸೆಟ್ ಮೇಲೆ ನಾಯಕನ ಮುಖ. ಭಕ್ತಿಗೀತೆಯ ಮೇಲೆ ದೇವರ ಚಿತ್ರ. ಅದು ಪೂಜೆಯ ಹೊತ್ತಿಗೆ ಹಾಕುವ ಹಾಡು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. 1978ರಲ್ಲಿ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆಗಳ ಕ್ಯಾಸೆಟ್‌ಗಳೂ ಒಂದೊಂದಾಗಿ ಬಂದವು. ಅವುಗಳಲ್ಲಿ ಎಷ್ಟೋ ಕ್ಯಾಸೆಟ್‌ಗಳ ಮೇಲೆ ಕವಿಯ ಫೋಟೋ ಇರುತ್ತಿತ್ತು. ಪುಸ್ತಕ ಓದುವ ಮನೆಯವರಿಗೆ ಅದು ಸಾಕಾಗಿತ್ತು. ಆ ಸಣ್ಣ ಚೀಟಿಯಲ್ಲಿ ಜಾಗ ಎಷ್ಟಿತ್ತು ಹೇಳಿ? ಅಂಗೈಯಗಲ, ಅಷ್ಟೇ. ಅದರಲ್ಲೇ ಯಾರಿಗೆ ಏನು ಹೇಳಬೇಕೋ ಹೇಳಿ ಮುಗಿಸುತ್ತಿದ್ದರು.

ಈಗ ನಿಮ್ಮ ಪೋಸ್ಟರ್‌ಗಳಿಗೆ ಬರುತ್ತೇನೆ.

ಮಂಜು ಬೆಟ್ಟದ ಪೋಸ್ಟರನ್ನು ನನ್ನ ಅಂಗಡಿಗೆ ಬಂದ ಆರು ಜನರಿಗೆ ತೋರಿಸಿದೆ. ಹೆಸರನ್ನು ಕೈಯಲ್ಲಿ ಮುಚ್ಚಿ, ‘ಇದು ಏನು?’ ಎಂದು ಕೇಳಿದೆ. ನಾಲ್ವರು ಹೋಂಸ್ಟೇ ಅಂದರು. ಒಬ್ಬರು ಟೂರಿಸಂ ಅಂದರು. ಇನ್ನೊಬ್ಬರು ಯಾವುದೋ ಕಾಫಿ ಪುಡಿ ಇರಬೇಕು ಅಂದರು. ಯಾರ ಬಾಯಲ್ಲೂ ಹಾಡು ಎಂಬ ಮಾತು ಬರಲಿಲ್ಲ. ತಪ್ಪು ಅವರದಲ್ಲ. ಇಪ್ಪತ್ತು ವರ್ಷದಿಂದ ಮಂಜು, ಬೆಟ್ಟ, ರಾಜಾಸೀಟಿನ ಸೂರ್ಯಾಸ್ತ, ಜೀಪು ಇವನ್ನೆಲ್ಲ ರೂಮು ಬಾಡಿಗೆಗೆ ಕೊಡುವವರು ಬಳಸಿ ಬಳಸಿ ಆ ಚಿತ್ರಗಳ ಅರ್ಥವೇ ಬದಲಾಗಿದೆ. ಅವು ಹೊರಗಿನಿಂದ ಬರುವವರನ್ನು ಕರೆಯುವ ಚಿತ್ರಗಳು. ಇಲ್ಲೇ ಹುಟ್ಟಿದವರಿಗೆ ಬೆಟ್ಟದಲ್ಲಿ ಹೊಸದೇನಿದೆ? ಬೆಳಿಗ್ಗೆ ಎದ್ದರೆ ಅದೇ ಕಾಣುತ್ತದೆ. ನಿಮ್ಮ ಹಾಡುಗಳಲ್ಲಿ ಐದು ಇಲ್ಲಿನ ಮನೆಮಾತಿನವು. ಆ ಮಾತು ಬಾರದ ಪ್ರವಾಸಿಯನ್ನು ಕರೆಯುವ ಚಿತ್ರ ಹಾಕಿ, ಮಾತು ಬರುವವರು ಕೇಳಲಿ ಎಂದರೆ ಹೇಗೆ?

ಎರಡನೆಯ ಪೋಸ್ಟರಿನ ಬಗ್ಗೆ ಜಾಸ್ತಿ ಹೇಳಬೇಕು. ಅದರಲ್ಲಿ ನಿಮ್ಮ ಶ್ರಮ ಕಾಣುತ್ತದೆ, ತಪ್ಪೂ ಅಲ್ಲೇ ಇದೆ.

ವಿನ್ಯಾಸದ ಪಾಠದಲ್ಲಿ ನೀವು ಮಾಡಿದ್ದು ಸರಿಯೇ. ನಾಲ್ಕು ಕಪ್ಪಿನ ನಡುವೆ ಒಂದು ಬಿಳಿ ಇಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಕೊಡಗಿನಲ್ಲಿ ಬಿಳಿ ಕುಪ್ಯ ಎದ್ದು ಕಾಣುವ ಬಣ್ಣ ಮಾತ್ರ ಅಲ್ಲ. ಅದು ಮದುಮಗನ ಉಡುಪು. ಉಳಿದವರು ಕಪ್ಪು ಕುಪ್ಯದಲ್ಲಿ ಸುತ್ತ ನಿಂತರೆ ಅದು ಮದುವೆ ಫೋಟೋ ಆಗುತ್ತದೆ. ಹಿರಿಯರ ಕಣ್ಣಿಗೆ ನಿಮ್ಮ ಗಾಯಕ ಕಾಣಲೇ ಇಲ್ಲ, ಮದುಮಗ ಕಂಡ. ಮದುಮಗಳು ಎಲ್ಲಿ ಎಂದು ಅವರು ಹುಡುಕಿರುತ್ತಾರೆ. ನಿಮಗೆ ಹಿಡಿಸಲಿಲ್ಲ ಎಂದಷ್ಟೇ ಹೇಳಿದ್ದಾರೆ, ಏಕೆ ಎಂದು ಬಿಡಿಸಿ ಹೇಳಿರಲಿಕ್ಕಿಲ್ಲ. ಕೇಳಿ ನೋಡಿ, ಹೇಳುತ್ತಾರೆ.

ಇನ್ನೊಂದು ವಿಷಯ. ಎಡಗಡೆಯ ಇಬ್ಬರ ಸೊಂಟದ ಪೀಚೆಕತ್ತಿ (ಸಣ್ಣ ಬಾಕು) ಒಂದು ಬದಿಗಿದೆ, ಬಲಗಡೆಯ ಇಬ್ಬರದು ಇನ್ನೊಂದು ಬದಿಗಿದೆ. ಕುಪ್ಯದ ಎದೆಯ ಮಡಿಕೆಯೂ ಹಾಗೆಯೇ ಉಲ್ಟಾ. ನಿಮ್ಮ ಡಿಸೈನರ್ ಚಿತ್ರ ಎರಡು ಕಡೆ ಸಮ ಬರಲಿ ಎಂದು ಇಬ್ಬರನ್ನು ಕನ್ನಡಿಯಂತೆ ತಿರುಗಿಸಿದ್ದಾರೆ. ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ ಸಾಕು, ಇದು ದಿನಾ ನಡೆಯುವ ಕೆಲಸ. ಪ್ಯಾಂಟು ಶರ್ಟಿನವರಾದರೆ ಯಾರಿಗೂ ತಿಳಿಯುವುದಿಲ್ಲ. ಕುಪ್ಯ-ಚೇಲೆ ಉಟ್ಟವರನ್ನು ತಿರುಗಿಸಿದರೆ ಉಡುಪೇ ತಪ್ಪಾಗುತ್ತದೆ.

ಈ ತಪ್ಪು ನಾನೂ ಮಾಡಿದ್ದೇನೆ. ತುಂಬ ಹಿಂದೆ ಹಾಕಿ ಹಬ್ಬದ ಸಮಯಕ್ಕೆ ಒಂದು ಹಾಡಿನ ಸಿಡಿ ಬಂತು. ಅದರ ಹೊದಿಕೆ ನನ್ನ ಕೆಲಸ. ಚೆಂಡು ಹೊಡೆಯುವ ಹುಡುಗನ ಫೋಟೋ ಚೆನ್ನಾಗಿತ್ತು. ಆದರೆ ಅವನು ಎಡಕ್ಕೆ ಮುಖ ಮಾಡಿದ್ದ, ಹೆಸರೂ ಎಡಗಡೆ ಬರಬೇಕಿತ್ತು. ತಿರುಗಿಸಿಬಿಟ್ಟೆ. ಅಚ್ಚಾಗಿ ಬಂದ ದಿನವೇ ಫೋನು ಶುರುವಾಯಿತು. ಹಾಕಿ ಸ್ಟಿಕ್‌ಗೆ ಚಪ್ಪಟೆ ಮುಖ ಎಡಗಡೆ ಮಾತ್ರ ಇರುತ್ತದೆ. ಎಡಗೈಯವರಿಗೆ ಅಂತ ಬೇರೆ ಸ್ಟಿಕ್ ಆಟದಲ್ಲಿ ಇಲ್ಲವೇ ಇಲ್ಲ. ನನ್ನ ಚಿತ್ರದ ಹುಡುಗ ಜಗತ್ತಿನಲ್ಲೇ ಇಲ್ಲದ ಸ್ಟಿಕ್ ಹಿಡಿದಿದ್ದ. ಬೇರೆ ಊರಿನಲ್ಲಾದರೆ ದಾಟಿಹೋಗುತ್ತಿತ್ತೇನೋ. ಇದು 1997ರಲ್ಲಿ ಕರಡದಲ್ಲಿ 60 ತಂಡಗಳೊಂದಿಗೆ ಶುರುವಾದ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಿಮ್ಮ ನಾಪೋಕ್ಲಿನಲ್ಲೇ 360 ತಂಡಗಳಿಗೆ ಬೆಳೆದ ಜಿಲ್ಲೆ. ಇಲ್ಲಿ ಚಿಕ್ಕ ಮಕ್ಕಳೂ ಸ್ಟಿಕ್ ನೋಡಿದ ಕೂಡಲೇ ಹೇಳುತ್ತಾರೆ. ಹಾಡು ಕೇಳುವ ಮೊದಲೇ ಜನ ‘ಇವರಿಗೆ ಹಾಕಿ ಗೊತ್ತಿಲ್ಲ’ ಎಂದು ತೀರ್ಮಾನ ಮಾಡಿದರು. ಹಾಡಿದವರಿಗೆ ನನ್ನಿಂದ ಆದ ನಷ್ಟ ಅದು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ದುಡಿ ಬಾರಿಸುವವರ ಫೋಟೋ, ಸೀರೆ ಉಟ್ಟವರ ಫೋಟೋ, ಎಲ್ಲಕ್ಕೂ ಇದೇ ಮಾತು. ಕೊಡವ ಸೀರೆಯ ನೆರಿಗೆ ಹಿಂದೆ ಬರುತ್ತದೆ. ಒಡಿಕತ್ತಿ ಬೆನ್ನ ಹಿಂದಿನ ಕೊಂಡಿ, ಅಂದರೆ ತೊಡಂಗ್‌ನಲ್ಲಿ ಇರುತ್ತದೆ. ಈಚೆಗೆ ಕೆಲವರು ಎಐ ಬಳಸಿ ಕೊಡಗಿನ ಚಿತ್ರ ಮಾಡಿಸಿಕೊಂಡು ಬರುತ್ತಾರೆ. ನೆರಿಗೆ ಮುಂದೆ ಇರುತ್ತದೆ, ತಲೆಗೆ ರಾಜಸ್ಥಾನದ ಪೇಟ ಇರುತ್ತದೆ, ಕೈಯಲ್ಲಿ ಯಾವ ದೇಶದ್ದೋ ಕತ್ತಿ ಇರುತ್ತದೆ. ದಯವಿಟ್ಟು ಬೇಡ. ಹೊರಗಿನವರು ಚಿತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಒಟ್ಟು ಬಣ್ಣ ನೋಡುತ್ತಾರೆ. ಒಳಗಿನವರು ಗುಂಡಿ, ಗಂಟು, ಮಡಿಕೆ ನೋಡುತ್ತಾರೆ. ನಿಮ್ಮ ಕೇಳುಗರು ಒಳಗಿನವರು.

ಅವರು ಎಷ್ಟು ಜನ ಎಂದೂ ಲೆಕ್ಕ ಹಾಕಿ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಕೊಡವ ತಮ್ಮ ಮಾತೃಭಾಷೆ ಎಂದು ಬರೆಸಿದವರು ಇಡೀ ದೇಶದಲ್ಲಿ 1,13,857. ಇದು ಸಣ್ಣ ಬಳಗ. ಒಬ್ಬರಿಗೊಬ್ಬರು ಗೊತ್ತು, ಗೊತ್ತಿಲ್ಲದಿದ್ದರೂ ನಂಟು ಹುಡುಕಿದರೆ ಸಿಗುತ್ತದೆ. ಅರೆಭಾಷೆಯವರ ಬಳಗವೂ ಹಾಗೆಯೇ, ಮಡಿಕೇರಿಯಿಂದ ಸುಳ್ಯದವರೆಗೆ ಹಬ್ಬಿದೆ. ಇಂಥ ಕಡೆ ಜಾಹೀರಾತು ದುಡ್ಡು ಕೊಟ್ಟು ಓಡಿಸಿದಷ್ಟು ಓಡುವುದಿಲ್ಲ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ಚಿಕ್ಕಮ್ಮ ಕಳಿಸಿದರೆ ಓಡುತ್ತದೆ. ಅವರು ಕಳಿಸಬೇಕಾದರೆ ಚಿತ್ರದಲ್ಲಿ ನಾಚಿಕೆಪಡುವಂಥದ್ದು ಇರಬಾರದು, ಹೆಮ್ಮೆಪಡುವಂಥದ್ದು ಏನಾದರೂ ಇರಬೇಕು.

ಆ ಹೆಮ್ಮೆ ಎಲ್ಲಿರುತ್ತದೆ ಗೊತ್ತಾ? ಹೆಸರಿನಲ್ಲಿ. ನಮ್ಮಲ್ಲಿ ಹಿರಿಯರು ಪೋಸ್ಟರ್ ಕೈಗೆ ಬಂದ ಕೂಡಲೇ ಕನ್ನಡಕ ಏರಿಸಿ ಹುಡುಕುವುದು ಹಾಡಿದವರು ಯಾವ ಒಕ್ಕದವರು (ಮನೆತನದವರು), ಯಾರ ಮಗ ಎಂದು. ಮನೆ ಹೆಸರು ಮೊದಲು, ಆಮೇಲೆ ಉಳಿದದ್ದು. ನಿಮ್ಮ ಪೋಸ್ಟರಿನಲ್ಲಿ ಹೆಸರುಗಳು ಎಲ್ಲಿವೆ? ಕೆಳಗಡೆ, ಬೂದು ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ. ಸಿನಿಮಾ ಪೋಸ್ಟರ್ ನೋಡಿ ಕಲಿತದ್ದು ಅದು. ಸಿನಿಮಾದಲ್ಲಿ ತಂತ್ರಜ್ಞರ ಹೆಸರು ನೋಡಿ ಟಿಕೆಟ್ ಕೊಳ್ಳುವವರು ಕಡಿಮೆ, ಅದಕ್ಕೆ ಹಾಗೆ ಮಾಡುತ್ತಾರೆ. ನಿಮಗೆ ಆ ಹೆಸರುಗಳೇ ಮುಖ್ಯ ಆಕರ್ಷಣೆ. ಅರವತ್ತು ದಾಟಿದವರು ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಾಗಿ, ಸಾಹಿತ್ಯ ಬರೆದವರಿಂದ ಹಿಡಿದು ದುಡಿ ಬಾರಿಸಿದವರ ತನಕ, ಮನೆ ಹೆಸರಿನ ಸಮೇತ ಹಾಕಿ. ಮನೆ ಹೆಸರಿನ ಕಾಗುಣಿತ ಆಯಾ ಮನೆಯವರನ್ನೇ ಕೇಳಿ ಬರೆಯಿರಿ. ಒಂದು ಅಕ್ಷರ ತಪ್ಪಿದರೂ ಒಂದು ಒಕ್ಕವೇ ಮುನಿಸಿಕೊಳ್ಳುತ್ತದೆ.

ಮೂರನೆಯ ಪೋಸ್ಟರ್ ಬಗ್ಗೆ ಒಂದೇ ಮಾತು. ಅದರಲ್ಲಿ ಒಂಬತ್ತು ವಸ್ತುಗಳಿವೆ, ಎಣಿಸಿದೆ. ಯಾವುದನ್ನು ಮೊದಲು ನೋಡಬೇಕು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದನ್ನು ಪಕ್ಕಕ್ಕಿಡಿ.

ಬೆಂಗಳೂರು, ಮೈಸೂರಿನಲ್ಲಿ ಇರುವ ನಿಮ್ಮ ವಯಸ್ಸಿನವರಿಗೆ ಏನು ಬೇಕು ಅನ್ನುವುದು ಬೇರೆಯೇ ವಿಷಯ. ಅವರಿಗೆ ಊರು ಬೇಕು. ಆದರೆ ಪ್ರವಾಸಿಗೆ ತೋರಿಸುವ ಊರಲ್ಲ. ಐನ್‌ಮನೆಯ ಕಯ್ಯಾಲೆಯ (ಹಿರಿಯರ ಮನೆಯ ಜಗಲಿ) ಕಂಬಕ್ಕೆ ಒರಗಿಸಿದ ಒದ್ದೆ ಕೊಡೆ. ಬಾಗಿಲ ಹೊರಗೆ ಬಿಟ್ಟ ಕೆಸರು ಮೆತ್ತಿದ ಗಮ್‌ಬೂಟು. ಕಣದಲ್ಲಿ ಹರಡಿದ ಕಾಫಿ, ಅದರ ಬದಿಯಲ್ಲಿ ಮಲಗಿದ ನಾಯಿ. ಕರೆಂಟ್ ಹೋದ ರಾತ್ರಿ ಅಡುಗೆಮನೆಯ ಒಲೆಯ ಬೆಳಕು. ಬಾಡಿಗೆ ರೂಮಿನಲ್ಲಿ ಕೂತು ಇಂಥದೊಂದು ಚಿತ್ರ ನೋಡಿದವನಿಗೆ ‘ಅರೆ, ಇದು ನಮ್ಮ ಮನೆಯಲ್ಲವಾ’ ಅನಿಸಬೇಕು. ಹಾಗೆ ಅನಿಸಿದ್ದನ್ನೇ ಅವನು ಸ್ಟೇಟಸ್‌ಗೆ ಹಾಕುವುದು. ಸುಂದರವಾದದ್ದಕ್ಕೆ ಲೈಕ್ ಒತ್ತುತ್ತಾನೆ. ತನ್ನದು ಅನಿಸಿದ್ದನ್ನು ಮಾತ್ರ ನಾಲ್ಕು ಜನಕ್ಕೆ ತೋರಿಸುತ್ತಾನೆ.

ಹಾಗಾದರೆ ಹಿರಿಯರಿಗೆ ಒಂದು, ಹುಡುಗರಿಗೆ ಒಂದು, ಅರೆಭಾಷೆಯವರಿಗೆ ಒಂದು ಎಂದು ಬೇರೆ ಬೇರೆ ಪೋಸ್ಟರ್ ಮಾಡಬೇಕಾ? ಹೌದು, ಮಾಡಿ. ಆದರೆ ಎಲ್ಲವೂ ಒಂದೇ ಮನೆಯ ಮಕ್ಕಳ ಹಾಗೆ ಕಾಣಬೇಕು. ಹೆಸರು ಬರೆಯುವ ಅಕ್ಷರ ಒಂದೇ, ಹಿನ್ನೆಲೆಯ ಬಣ್ಣ ಒಂದೇ, ಹೆಸರು ಕೂರುವ ಜಾಗ ಒಂದೇ. ಒಳಗಿನ ಫೋಟೋ ಮಾತ್ರ ಬದಲಾಗಲಿ. ಅರೆಭಾಷೆ ಹಾಡಿನ ಪೋಸ್ಟರಿಗೆ ಅರೆಭಾಷೆಯಲ್ಲೇ ಒಂದು ಸಾಲು ಬರೆಯಿರಿ, ಆ ಹಾಡು ಹುಟ್ಟಿದ ಮನೆಯ ಅಂಗಳದ ಫೋಟೋ ಹಾಕಿ. ಕುಪ್ಯ ಹಾಕಿದ ಕೊಡವ ಹುಡುಗನ ಫೋಟೋದ ಕೆಳಗೆ ಅರೆಭಾಷೆ ಹಾಡಿನ ಹೆಸರು ಬರೆದರೆ ಇಬ್ಬರಿಗೂ ಅದು ತಮ್ಮದು ಅನಿಸುವುದಿಲ್ಲ.

ಉಳಿದದ್ದು ಆಲ್ಬಂನ ಮುಖಚಿತ್ರ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಅದು ಒಂದೇ ಇರಬೇಕು. ಇಲ್ಲಿ ಒಬ್ಬ ಕೇಳುಗನನ್ನು ಆರಿಸಲೇಬೇಕು. ನಾನು ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಚಿತ್ರ ಅದರಲ್ಲೇ ಇದೆ. ಎಲ್ಲ ಆರು ಹಾಡಿಗೂ ಅಜ್ಜನ ದುಡಿ ಬಾರಿಸಿದ್ದೇವೆ ಎಂದು ನೀವೇ ಬರೆದಿದ್ದೀರಿ. ಮೂರು ಭಾಷೆಯನ್ನು ಒಟ್ಟಿಗೆ ಕಟ್ಟಿರುವುದು ಆ ದುಡಿ. ಮೂರು ಪೋಸ್ಟರಿನಲ್ಲಿ ಒಂದರಲ್ಲೂ ಅದು ಇಲ್ಲ!

ದುಡಿಯ ಆಕಾರ ನೋಡಿ. ಎರಡು ಕಡೆ ಅಗಲ, ನಡುವೆ ಸಣ್ಣ. ಎಷ್ಟು ಚಿಕ್ಕದು ಮಾಡಿದರೂ ಅದು ದುಡಿಯೇ. ಇದು ತುಂಬ ಮುಖ್ಯ. ಕ್ಯಾಸೆಟ್ ಕಾಲದಲ್ಲಿ ಅಂಗಡಿಯವರು ಕ್ಯಾಸೆಟ್‌ಗಳನ್ನು ಬೆನ್ನು ಕಾಣುವ ಹಾಗೆ ಜೋಡಿಸಿಡುತ್ತಿದ್ದರು. ಮುಂದಿನ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಬೆರಳಗಲದ ಬೆನ್ನು. ಅದಕ್ಕೇ ಬೆನ್ನಿನ ಬಣ್ಣ, ಅಕ್ಷರದ ಮೇಲೆ ನಾವು ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದೆವು. ಈಗ ಆ ಬೆನ್ನಿನ ಜಾಗಕ್ಕೆ ಫೋನಿನ ಪಟ್ಟಿಯಲ್ಲಿ ಕಾಣುವ ಉಗುರಗಲದ ಚೌಕ ಬಂದಿದೆ. ಆ್ಯಪ್‌ನವರು ಕೇಳುವುದು 3000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಉದ್ದದ ದೊಡ್ಡ ಚಿತ್ರ. ಆದರೆ ಜನ ನೋಡುವುದು ಉಗುರಿನಷ್ಟು. ಐವರು ಹುಡುಗರ ಫೋಟೋ ಉಗುರಿನಷ್ಟಾದರೆ ಐದು ಚುಕ್ಕಿ. ದುಡಿ ಉಗುರಿನಷ್ಟಾದರೂ ದುಡಿ.

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ 1973ರ ಆಲ್ಬಂ ಒಂದರ ಮುಂಬದಿಯಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಕಪ್ಪು ನೆಲ, ಒಂದು ಗಾಜಿನ ತ್ರಿಕೋನ, ಅದರಿಂದ ಹೊರಡುವ ಬಣ್ಣಗಳು. ಅದನ್ನು ನೋಡಿ ನಾವೂ ಹೆಸರು ಹಾಕುವುದು ಬೇಡ ಎಂದು ಹೇಳುವ ಹುಡುಗರು ನನ್ನ ಹತ್ತಿರ ಬರುತ್ತಾರೆ. ಅವರು ಆಗಲೇ ಹೆಸರು ಮಾಡಿದ್ದ ತಂಡ, ಕೇಳುಗರು ಕಾದು ಕೂತಿದ್ದರು. ನೀವು ಹೆಸರು ಹಾಕಲೇಬೇಕು. ಅವರಿಂದ ಕಲಿಯಬೇಕಾದದ್ದು ಬೇರೆ: ಒಂದೇ ಆಕಾರ, ಅದರ ಸುತ್ತ ಬೇಕಾದಷ್ಟು ಖಾಲಿ ಜಾಗ.

ಫೋಟೋ ಹೀಗೆ ತೆಗೆಯಿರಿ. ಕಯ್ಯಾಲೆಯ ಮರದ ಹಲಗೆಯ ಮೇಲೆ ಕಪ್ಪು ಬಟ್ಟೆ ಹಾಸಿ, ದುಡಿ ಇಡಿ. ಪಕ್ಕದಲ್ಲಿ ಅಜ್ಜ ಬಾರಿಸುತ್ತಿದ್ದ ಕೋಲು. ಬೆಳಿಗ್ಗೆ ಎಂಟು ಗಂಟೆಗೆ, ಬಿಸಿಲು ನೇರ ಬೀಳದೆ ಒಂದು ಬದಿಯಿಂದ ಬೆಳಕು ಬರುವ ಹಾಗೆ. ಫ್ಲ್ಯಾಶ್ ಬೇಡ. ಚರ್ಮದ ಮೇಲೆ ಕೋಲು ತಾಗಿ ತಾಗಿ ಆದ ಕಲೆ, ಹಗ್ಗದ ಸವೆತ ಕಾಣಲಿ, ಅದನ್ನು ಕಂಪ್ಯೂಟರಿನಲ್ಲಿ ಒರೆಸಬೇಡಿ. ಹಿರಿಯರು ಆ ಸವೆತ ನೋಡಿಯೇ ಇದು ನಿಜವಾದ ಹಳೆಯ ದುಡಿ ಎಂದು ಗುರುತಿಸುತ್ತಾರೆ. ಹುಡುಗರಿಗೆ ಅದೇ ಸವೆತ ಬೇರೆ ಥರ ಚೆಂದ ಕಾಣುತ್ತದೆ. ಕಪ್ಪು, ಮರದ ಬಣ್ಣ, ಮೂರನೆಯದಾಗಿ ಚೇಲೆಯ ಕೆಂಪು. ಅಕ್ಷರ ಆ ಕೆಂಪಿನಲ್ಲಿ ಬೇಡ, ಕಪ್ಪಿನ ಮೇಲೆ ಕೆಂಪು ಮುಳುಗಿಹೋಗುತ್ತದೆ. ಅಕ್ಷರಕ್ಕೆ ಬೆಣ್ಣೆಯಂಥ ಬಿಳಿ. ಕೆಂಪು ಒಂದು ಪಟ್ಟಿಯಾಗಿ ಅಂಚಿನಲ್ಲಿರಲಿ. ಅದೇ ಪಟ್ಟಿ ಎಲ್ಲ ಪೋಸ್ಟರಿಗೂ ಗುರುತಾಗುತ್ತದೆ. ಬಣ್ಣ ಸರಿ ಇದೆಯಾ ಎಂದು ನೋಡಲು ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ಆಗಲೂ ಹೆಸರು ಓದಲು ಬಂದರೆ ಪಾಸ್.

ಅಕ್ಷರದ ಬಗ್ಗೆ ನಮ್ಮವರು ಗಮನ ಕೊಡುವುದೇ ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿಗೆ ಮಾಡಿದ ಅಳತೆಯಲ್ಲಿ ಕನ್ನಡ ಲಿಪಿ ತುಂಬಿಸಿದರೆ ಉಸಿರು ಕಟ್ಟುತ್ತದೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ಕೊಡವ ತಕ್ಕ್‌ನಲ್ಲಿ ಇನ್ನೂ ಜಾಸ್ತಿ. ‘ತಕ್ಕ್’, ‘ಪಾಟ್’, ‘ಪೊಳ್ದ್’ ಇಂಥ ಪದಗಳಲ್ಲಿ ಕೊನೆಯ ಅಕ್ಷರದ ಕೊಕ್ಕೆ ಮೇಲೆ ಚಾಚುತ್ತದೆ, ಒತ್ತು ಕೆಳಗೆ ಇಳಿಯುತ್ತದೆ. ಸಾಲಿನ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ತಾಗುತ್ತವೆ. ನಿಮ್ಮ ಎರಡನೆಯ ಪೋಸ್ಟರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕದಲ್ಲಿ ಬಿದ್ದಿದೆ. ಫೋಟೋಶಾಪಿನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡದೆ ಯೂನಿಕೋಡ್ ಕನ್ನಡ ಹಾಕಿದರೆ ಹೀಗಾಗುತ್ತದೆ. ಅದು ಟೈಪ್ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಅಥವಾ ಸೌತ್ ಏಷ್ಯನ್ ಎಂಬ ಹೆಸರಿನಲ್ಲಿ ಇರುತ್ತದೆ. ಫಾಂಟ್‌ಗೆ ದುಡ್ಡು ಕೊಡಬೇಕಿಲ್ಲ. ‘ಬಲೂ ತಮ್ಮ’ ಎಂಬ ಫಾಂಟ್ ದಪ್ಪಗೆ, ದುಂಡಗೆ ಇದೆ. ‘ಅನೇಕ್ ಕನ್ನಡ’ ಫಾಂಟಿನಲ್ಲಿ ಸಣ್ಣದರಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಬೇಕಾದ್ದು ಸಿಗುತ್ತದೆ. ಎರಡೂ ಉಚಿತ. ಬೇಕಾದರೆ ಆಲ್ಬಂ ಹೆಸರನ್ನು ಮಾತ್ರ ಬೋರ್ಡ್ ಬರೆಯುವ ಕಲಾವಿದರ ಕೈಯಲ್ಲಿ ಬ್ರಷ್‌ನಿಂದ ಬರೆಸಿ, ಸ್ಕ್ಯಾನ್ ಮಾಡಿಸಿ. ದುಡಿಯ ಪಕ್ಕ ಕೈಬರಹ ಚೆನ್ನಾಗಿ ಕೂರುತ್ತದೆ. ನನಗೆ ಕೇಳಿದರೆ ಅದೇ ಸರಿ.

ಮುಖಚಿತ್ರದ ಮೇಲೆ ಫೋನ್ ನಂಬರ್, ಬೆಲೆ, ವೆಬ್ ವಿಳಾಸ, ಕ್ಯೂಆರ್ ಕೋಡ್ ಹಾಕಬೇಡಿ. ಹೆಚ್ಚಿನ ಆ್ಯಪ್‌ಗಳು ಅಂಥ ಚಿತ್ರವನ್ನು ವಾಪಸ್ ಕಳಿಸುತ್ತವೆ. ಪುತ್ತರಿ ಹತ್ತಿರ ಬಂದಾಗ ವಾಪಸ್ ಬಂದರೆ ಕಷ್ಟ. ಅವೆಲ್ಲ ಪೋಸ್ಟರಿನಲ್ಲಿ ಇರಲಿ. ಯೂಟ್ಯೂಬ್‌ಗೆ ಅಡ್ಡ ಚಿತ್ರ ಬೇಕು, 1280 ಅಗಲ, 720 ಎತ್ತರ. ಅದರ ಬಲ ಕೆಳಮೂಲೆಯಲ್ಲಿ ಹಾಡಿನ ಅವಧಿ ಬಂದು ಕೂರುತ್ತದೆ, ಅಲ್ಲಿ ಯಾರ ಹೆಸರೂ ಬೇಡ. ಸ್ಟೇಟಸ್‌ಗೆ ಉದ್ದ ಚಿತ್ರ ಬೇಕು. ಚೌಕದ್ದನ್ನೇ ಎಳೆದು ಉದ್ದ ಮಾಡಬೇಡಿ, ದುಡಿ ಕಂಬ ಆಗುತ್ತದೆ. ಮೇಲೆ ಕೆಳಗೆ ಕಪ್ಪು ನೆಲ ಸೇರಿಸಿ.

ಪತ್ರಿಕೆಗೆ ಕೊಡುವಾಗ ಚಿತ್ರದ ಕಪ್ಪು-ಬಿಳಿ ಅದಲುಬದಲು ಮಾಡಬೇಕು. ನಮ್ಮಲ್ಲಿ ಬೆಳಿಗ್ಗೆ ‘ಶಕ್ತಿ’ ಓದದೆ ಕಾಫಿ ಇಳಿಯದ ಮನೆಗಳು ಎಷ್ಟೋ ಇವೆ. ಹಿರಿಯರನ್ನು ಮುಟ್ಟಲು ಪತ್ರಿಕೆ ಬೇಕೇ ಬೇಕು. ಆದರೆ ಪತ್ರಿಕೆಯ ಕಾಗದ ಮಸಿ ಹೀರುತ್ತದೆ. ಕಪ್ಪು ನೆಲದ ಮೇಲಿನ ಸಣ್ಣ ಬಿಳಿ ಅಕ್ಷರದೊಳಗೆ ಮಸಿ ಹರಡಿ ಹೆಸರುಗಳು ಮುಚ್ಚಿಹೋಗುತ್ತವೆ. ಅಲ್ಲಿಗೆ ಬಿಳಿ ನೆಲ, ಕಪ್ಪು ಅಕ್ಷರ, ದುಡಿಯ ಗೆರೆಚಿತ್ರ ಮಾಡಿಸಿ. ಫೋನಿನಲ್ಲಿ ಹೊಳೆಯುವ ಕೆಂಪು ಅಚ್ಚಿನಲ್ಲಿ ಮಂಕಾಗುತ್ತದೆ ಎನ್ನುವುದೂ ತಿಳಿದಿರಲಿ. ಪ್ರೆಸ್‌ಗೆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿ ಹೋಗುತ್ತದೆ.

ಬ್ಯಾನರ್ ಕಟ್ಟುವ ಯೋಚನೆ ಇದ್ದರೆ ಬಟ್ಟೆಯದ್ದು ಮಾಡಿಸಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಪಂಚಾಯಿತಿಯಲ್ಲಿ ಅನುಮತಿ ಕೇಳಿ. ಹಸಿರು ಬಣ್ಣ ಮಾತ್ರ ಬೇಡವೇ ಬೇಡ. ತೋಟದ ಬೇಲಿಗೆ ಕಟ್ಟಿದ ಹಸಿರು ಬ್ಯಾನರ್ ಹತ್ತು ಹೆಜ್ಜೆಗೆ ಮಾಯವಾಗುತ್ತದೆ. ಕೊಡಗಿನ ರಸ್ತೆಯಲ್ಲಿ ತಿರುವು ಜಾಸ್ತಿ. ಬಸ್ಸಿನಲ್ಲಿ ಕೂತವರಿಗೆ ಅದು ಕಾಣುವುದೇ ಎರಡು ಕ್ಷಣ. ಬ್ಯಾನರಿನಲ್ಲಿ ದುಡಿ, ಹೆಸರು, ತಾರೀಖು, ಇಷ್ಟೇ ಇರಲಿ.

ಎಲ್ಲ ಮುಗಿದ ಮೇಲೆ, ಅಚ್ಚಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿ. ಫೋನಿನ ಬೆಳಕು ಕಡಿಮೆ ಮಾಡಿ, ಚಿತ್ರವನ್ನು ಉಗುರಿನಷ್ಟು ಮಾಡಿ, ನಾಪೋಕ್ಲಿನ ಸಂತೆ ದಿನ ಚಹಾದ ಅಂಗಡಿಯಲ್ಲಿ ಗುರುತಿಲ್ಲದ ಐದು ಜನರಿಗೆ ತೋರಿಸಿ. ಚೆನ್ನಾಗಿದೆಯಾ ಎಂದು ಕೇಳಬೇಡಿ. ಹಾಗೆ ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ, ನಮ್ಮ ಜನ ಮನಸ್ಸು ನೋಯಿಸುವುದಿಲ್ಲ. ‘ಇದು ಏನು?’ ಎಂದು ಮಾತ್ರ ಕೇಳಿ. ದುಡಿ ಅಂತಲೋ ಹಾಡು ಅಂತಲೋ ಬಂದರೆ ಅಚ್ಚಿಗೆ ಕಳಿಸಿ. ದುಡಿ ಯಾರದ್ದು ಎಂದು ಯಾರಾದರೂ ತಿರುಗಿ ಕೇಳಿದರೆ ಅಜ್ಜನ ಹೆಸರನ್ನು, ಮನೆ ಹೆಸರಿನೊಂದಿಗೆ, ಪೋಸ್ಟರಿನ ಮೊದಲ ಸಾಲಿನಲ್ಲೇ ಹಾಕಿ.